ಮನೆಯಲ್ಲಿ ರಿಪೇರಿ ಮಾಡಿದ ಮೇಲೆ ಬೈಕ್ ಎಳೆಯುತ್ತಿಲ್ಲವೇ? ತಪ್ಪು ಹುಡುಕುವುದು ಹೀಗೆ

"ಕಾರ್ಬುರೇಟರ್ ಬಿಚ್ಚಿ ತೊಳೆದೆ, ಹೊಸ ಪ್ಲಗ್ ಹಾಕಿದೆ, ಏರ್ ಫಿಲ್ಟರ್ ಕೂಡ ಬದಲಿಸಿದೆ. ಈಗ ನೋಡಿದರೆ ಬೈಕ್ 40 ದಾಟುತ್ತಿಲ್ಲ, ಏರಿನಲ್ಲಿ ಉಸಿರು ಕಟ್ಟಿದ ಹಾಗೆ ನಿಲ್ಲುತ್ತದೆ. ಏನು ಮಾಡಲಿ?" ಓದುಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಒಬ್ಬರದು ಸ್ಪ್ಲೆಂಡರ್, ಇನ್ನೊಬ್ಬರದು ಪ್ಯಾಷನ್, ಮತ್ತೊಬ್ಬರದು ಪಲ್ಸರ್. ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಒಂದೇ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ರಿಪೇರಿಗೆ ಮುಂಚೆ ಸುಮಾರಾಗಿ ಓಡುತ್ತಿದ್ದ ಬೈಕ್ ರಿಪೇರಿ ಆದ ಮೇಲೆ ಕೆಟ್ಟರೆ, ಎಂಜಿನ್ ಒಳಗಿನ ಪಿಸ್ಟನ್ನೋ ವಾಲ್ವೋ ಅದೇ ದಿನ ಸವೆದುಹೋಗಿರುವ ಸಾಧ್ಯತೆ ತೀರಾ ಕಡಿಮೆ. ನೀವು ಕೈ ಹಾಕಿದ ಜಾಗದಲ್ಲೇ ಏನೋ ಸರಿಯಾಗಿ ಕೂತಿಲ್ಲ, ಅಥವಾ ಬಿಟ್ಟುಹೋಗಿದೆ. ಇದು ಒಳ್ಳೆಯ ಸುದ್ದಿ. ಹುಡುಕಬೇಕಾದ ಜಾಗ ಚಿಕ್ಕದು, ಖರ್ಚೂ ಕಡಿಮೆ. ಬೋರ್ ಮಾಡಿಸಬೇಕು, ಪಿಸ್ಟನ್ ಕಿಟ್ ಹಾಕಬೇಕು ಎಂದು ಯಾರಾದರೂ ನೋಡಿದ ಕೂಡಲೇ ಹೇಳಿದರೆ ಒಪ್ಪಬೇಡಿ. ಮೊದಲು ಇಲ್ಲಿ ಹೇಳಿದ್ದನ್ನೆಲ್ಲ ನೋಡಿ ಮುಗಿಸಿ.

ಇಲ್ಲಿ ಬರೆದಿರುವುದು ಹೆಚ್ಚಾಗಿ ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕಳಿಸುವ ಭಾಗ) ಇರುವ 100ರಿಂದ 150 ಸಿಸಿಯ ಫೋರ್ ಸ್ಟ್ರೋಕ್ ಬೈಕ್‌ಗಳಿಗೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಎಂಬ ಹೊಗೆ ಮಾಲಿನ್ಯದ ನಿಯಮ ಬಂದ ಮೇಲೆ ಹೊಸ ಬೈಕ್‌ಗಳೆಲ್ಲ ಬಹುತೇಕ ಫ್ಯೂಯೆಲ್ ಇಂಜೆಕ್ಷನ್‌ಗೆ ಬದಲಾದವು. ಅಂದರೆ ಪೆಟ್ರೋಲ್ ಎಷ್ಟು ಹೋಗಬೇಕು ಎಂದು ಕಂಪ್ಯೂಟರ್ ತೀರ್ಮಾನಿಸಿ ಚಿಮ್ಮಿಸುತ್ತದೆ. ಅವುಗಳ ಬಗ್ಗೆ ಕೊನೆಯಲ್ಲಿ ಸ್ವಲ್ಪ ಹೇಳಿದ್ದೇನೆ.

ಬೇಕಾಗುವ ಸಾಮಾನು

ನಿಮ್ಮ ಬೈಕ್‌ಗೆ ಹೊಂದುವ ಸ್ಪ್ಯಾನರ್‌ಗಳು, ಪ್ಲಗ್ ಪಾನಾ, ತಲೆ ಸವೆಯದ ಒಳ್ಳೆಯ ಸ್ಕ್ರೂಡ್ರೈವರ್, ಫೀಲರ್ ಗೇಜ್ (ಸಣ್ಣ ಸಂದಿ ಅಳೆಯುವ ತೆಳು ತಗಡುಗಳ ಗೊಂಚಲು), ಒಂದು ಪಾರದರ್ಶಕ ಬಾಟಲಿ, ಅಷ್ಟೇ ಪಾರದರ್ಶಕವಾದ ಒಂದು ಮೊಳ ಪೈಪು, ಸೋಪು ನೀರು ತುಂಬಿದ ಸ್ಪ್ರೇ ಬಾಟಲಿ, ಅಂಟು ಟೇಪು, ಪೆನ್ನು. ಬೈಕಿನ ಜೊತೆ ಬಂದ ಪುಸ್ತಕ ಸಿಕ್ಕಿದರೆ ತೆಗೆದಿಟ್ಟುಕೊಳ್ಳಿ. ಪ್ಲಗ್ ಸಂದಿ, ಟ್ಯಾಪೆಟ್ ಸಂದಿ, ಚೈನ್ ಸಡಿಲ ಎಲ್ಲವೂ ಮಾದರಿಯಿಂದ ಮಾದರಿಗೆ ಬೇರೆ. ಪುಸ್ತಕದ ಅಳತೆಗೂ ನಾನು ಹೇಳುವ ಅಳತೆಗೂ ವ್ಯತ್ಯಾಸ ಕಂಡರೆ ಪುಸ್ತಕದ್ದೇ ಸರಿ.

ಎಚ್ಚರಿಕೆ: ಈ ಕೆಲಸದಲ್ಲಿ ಪೆಟ್ರೋಲ್ ಹೊರಗೆ ಬಂದೇ ಬರುತ್ತದೆ. ಬಯಲಿನಲ್ಲಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾಡಿ. ಹತ್ತಿರದಲ್ಲಿ ದೇವರ ದೀಪ, ಗ್ಯಾಸ್ ಒಲೆ, ಬೀಡಿ ಸಿಗರೇಟು ಯಾವುದೂ ಇರಬಾರದು. ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಚಾಲು ಮಾಡಬೇಡಿ. ಸೈಲೆನ್ಸರ್ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಅದು ಪ್ರಾಣ ತೆಗೆಯುತ್ತದೆ.

ಹಂತ 1: ಏನೇನು ಮುಟ್ಟಿದ್ದೀರಿ, ಬರೆಯಿರಿ

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಕಾಗದ ಹಿಡಿಯಿರಿ. ಬಿಚ್ಚಿದ್ದು, ತೆಗೆದದ್ದು, ಹೊಸದಾಗಿ ಹಾಕಿದ್ದು, ಪಕ್ಕಕ್ಕೆ ಸರಿಸಿದ್ದು ಎಲ್ಲ ಬರೆಯಿರಿ. ಕಾರ್ಬುರೇಟರ್ ತೆಗೆಯಲು ಟ್ಯಾಂಕ್ ಎತ್ತಿದ್ದರೆ ಅದನ್ನೂ ಬರೆಯಿರಿ. ಟ್ಯಾಂಕ್ ಕೂರಿಸುವಾಗ ಪೆಟ್ರೋಲ್ ಪೈಪು ಮಡಚಿಕೊಳ್ಳುವುದು, ಇಗ್ನಿಷನ್ ಕಾಯಿಲ್‌ನ ವೈರು ಕಳಚಿಕೊಳ್ಳುವುದು ತುಂಬಾ ಸಾಮಾನ್ಯ.

ಆಮೇಲೆ ತೊಂದರೆಯನ್ನು ಸರಿಯಾಗಿ ಬರೆಯಿರಿ. "ಪಿಕಪ್ ಇಲ್ಲ" ಎಂದಷ್ಟೇ ಬರೆದರೆ ಸಾಲದು. ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಎಕ್ಸಲೇಟರ್ ತಿರುಗಿಸಿದ ಕೂಡಲೇ ಮುಗ್ಗರಿಸುತ್ತದೋ, ಅರ್ಧದ ನಂತರವೋ, ಪೂರ್ತಿ ತಿರುಗಿಸಿದಾಗಲೋ? ನಿಂತಲ್ಲಿ ರೇಸ್ ಕೊಟ್ಟರೆ ಚೆನ್ನಾಗಿದ್ದು ರಸ್ತೆಯಲ್ಲಿ ಮಾತ್ರ ಎಳೆಯುತ್ತಿಲ್ಲವೋ? ಈ ಮೂರು ಪ್ರಶ್ನೆಗೆ ಉತ್ತರ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಇನ್ನೊಂದು ನಿಯಮ ಈಗಲೇ ಹಾಕಿಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ಲಗ್ ಬದಲಿಸಿ, ತಿರುಪು ತಿರುಗಿಸಿ, ಫಿಲ್ಟರ್ ತೆಗೆದು ಮೂರನ್ನೂ ಒಟ್ಟಿಗೆ ಮಾಡಿದರೆ, ಸರಿಯಾದರೂ ಯಾವುದರಿಂದ ಎಂದು ತಿಳಿಯುವುದಿಲ್ಲ. ಇನ್ನೂ ಕೆಟ್ಟರಂತೂ ದಾರಿಯೇ ತಪ್ಪುತ್ತದೆ.

ಹಂತ 2: ತೊಂದರೆ ಎಂಜಿನ್‌ನದ್ದೇನಾ?

ಇದನ್ನು ಬಹಳ ಜನ ಹಾರಿಸಿಬಿಡುತ್ತಾರೆ. ಬೈಕ್ ಎಳೆಯುತ್ತಿಲ್ಲ ಎಂದರೆ ಎಂಜಿನ್ ಶಕ್ತಿ ಕೊಡುತ್ತಿಲ್ಲ ಎಂದೇ ಅರ್ಥವಲ್ಲ. ಶಕ್ತಿ ಚಕ್ರಕ್ಕೆ ಮುಟ್ಟದೆಯೂ ಇರಬಹುದು.

ಮೊದಲು ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗಬೇಕು. ತಡೆದು ನಿಂತರೆ ಬ್ರೇಕ್ ಜಾಸ್ತಿ ಬಿಗಿಯಾಗಿದೆ, ಇಲ್ಲವೇ ಚೈನ್ ಬಿಗಿಯಾಗಿದೆ. ಚೈನ್ ಬಿಗಿ ಮಾಡಲು ಚಕ್ರ ಹಿಂದಕ್ಕೆ ಎಳೆದರೆ ಹಿಂದಿನ ಡ್ರಮ್ ಬ್ರೇಕ್ ರಾಡ್ ತಾನಾಗಿ ಬಿಗಿಯಾಗುತ್ತದೆ, ಇದು ಹಲವರಿಗೆ ಗೊತ್ತಿರುವುದಿಲ್ಲ. ಹೆಚ್ಚಿನ 100 ಸಿಸಿ ಬೈಕ್‌ಗಳಲ್ಲಿ ಚೈನ್‌ನ ನಡುವೆ ಬೆರಳಿಟ್ಟು ಎತ್ತಿದರೆ 20ರಿಂದ 30 ಮಿಲಿಮೀಟರ್ ಆಡಬೇಕು.

ಮುಂದಿನದು ಕ್ಲಚ್. ಏರು ರಸ್ತೆಯಲ್ಲಿ ಟಾಪ್ ಗೇರಿನಲ್ಲಿ ಹೋಗುವಾಗ ಎಕ್ಸಲೇಟರ್ ಕೊಡಿ. ಎಂಜಿನ್ ಸದ್ದು ಮೇಲಕ್ಕೆ ಹೋಗಿ, ವೇಗ ಅಲ್ಲೇ ನಿಂತರೆ ಕ್ಲಚ್ ಜಾರುತ್ತಿದೆ. ಕಾರ್ಬುರೇಟರ್ ಕಡೆ ಹೋಗುವ ಅಗತ್ಯವೇ ಇಲ್ಲ. ಲಿವರ್ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಸಡಿಲ ಇರಬೇಕು. ಕೇಬಲ್ ಹೊಸದು ಹಾಕಿ ಎಳೆದು ಕಟ್ಟಿದ್ದರೆ ಕ್ಲಚ್ ಅರ್ಧ ಒತ್ತಿದ ಹಾಗೆಯೇ ಇರುತ್ತದೆ.

ಸಡಿಲ ಸರಿ ಇದೆ, ಆದರೂ ಜಾರುತ್ತಿದೆಯೇ? ಎಂಜಿನ್ ಆಯಿಲ್ ನೀವೇ ಬದಲಿಸಿದ್ದರೆ ಡಬ್ಬಿ ತೆಗೆದು ನೋಡಿ. ನಮ್ಮ ಬೈಕ್‌ಗಳಲ್ಲಿ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಕಾರಿನ ಆಯಿಲ್‌ಗೆ ಘರ್ಷಣೆ ಕಡಿಮೆ ಮಾಡುವ ಪದಾರ್ಥ ಬೆರೆಸಿರುತ್ತಾರೆ. ಕಾರಿಗೆ ಅದು ಲಾಭ, ಬೈಕಿನ ಕ್ಲಚ್‌ಗೆ ಅದೇ ಶಾಪ. ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 (JASO MA, MA2) ಎಂದು ಇರಬೇಕು, ಅದು ಇಂಥ ಕ್ಲಚ್‌ಗೆ ಹೊಂದುವ ಆಯಿಲ್‌ನ ಗುರುತು. ಇಲ್ಲದಿದ್ದರೆ ಆಯಿಲ್ ಇಳಿಸಿ ಸರಿಯಾದದ್ದು ಹಾಕಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಆಯಿಲ್ ಅಳತೆಗಿಂತ ಜಾಸ್ತಿ ಸುರಿದಿದ್ದರೂ ಬೈಕ್ ಭಾರವಾಗಿ ಎಳೆಯುತ್ತದೆ. ಆಯಿಲ್ ಕಡ್ಡಿಯ ಮೇಲಿನ ಗೆರೆ ದಾಟಬಾರದು.

ಹಂತ 3: ಪೆಟ್ರೋಲ್ ಸರಾಗವಾಗಿ ಬರುತ್ತಿದೆಯೇ?

ಪೆಟ್ರೋಲ್ ಕಾಕ್ (ಟ್ಯಾಂಕಿನ ಕೆಳಗಿನ ನಲ್ಲಿ) ಮುಚ್ಚಿ, ಪೈಪಿನ ತುದಿಯನ್ನು ಕಾರ್ಬುರೇಟರ್‌ನಿಂದ ಬಿಡಿಸಿ ಬಾಟಲಿಗೆ ಇಡಿ. ಕಾಕ್ ತೆರೆಯಿರಿ. ಎಡೆಬಿಡದೆ ಧಾರೆಯಾಗಿ ಬರಬೇಕು. ಹನಿ ಹನಿಯಾಗಿ ಬಂದರೆ ಟ್ಯಾಂಕಿನ ಮುಚ್ಚಳ ತೆರೆದು ಮತ್ತೆ ನೋಡಿ. ಮುಚ್ಚಳ ತೆರೆದಾಗ ಧಾರೆ ಜೋರಾದರೆ ಮುಚ್ಚಳದ ಗಾಳಿರಂಧ್ರ ಕಟ್ಟಿದೆ. ಟ್ಯಾಂಕ್ ಪಾಲಿಶ್ ಮಾಡುವಾಗ ಮೇಣ ಹೋಗಿ ಕಟ್ಟಿಕೊಳ್ಳುವುದುಂಟು. ಹೀಗಿದ್ದರೆ ಬೈಕ್ ಸ್ವಲ್ಪ ದೂರ ಚೆನ್ನಾಗಿ ಓಡಿ, ಆಮೇಲೆ ಸೊರಗಿ, ನಿಲ್ಲಿಸಿ ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಓಡುತ್ತದೆ.

ಎರಡೂ ರೀತಿಯಲ್ಲಿ ಹನಿಯೇ ಬಂದರೆ ಕಾಕ್‌ನೊಳಗಿನ ಜಾಲರಿ ಕಟ್ಟಿದೆ, ಅಥವಾ ಪೈಪು ಎಲ್ಲೋ ಮಡಚಿದೆ. ಹೊಸ ಪೈಪು ಉದ್ದ ಜಾಸ್ತಿ ಇಟ್ಟರೆ ಮಡಚಿಕೊಳ್ಳುವುದು ಗ್ಯಾರಂಟಿ.

ಬಾಟಲಿಗೆ ಹಿಡಿದ ಪೆಟ್ರೋಲನ್ನು ಹಾಗೇ ಸ್ವಲ್ಪ ಹೊತ್ತು ಬಿಟ್ಟು ನೋಡಿ. ತಳದಲ್ಲಿ ಬೇರೆ ಪದರ ನಿಂತರೆ ಅದು ನೀರು. ಶೇಕಡಾ 20 ಎಥನಾಲ್ ಬೆರೆತ ಇ20 ಪೆಟ್ರೋಲ್‌ಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಕೊಟ್ಟರು, ಈಗ ಅದು ಎಲ್ಲ ಕಡೆ ಸಿಗುತ್ತದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಮಿತಿ ಮೀರಿದರೆ ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಟ್ಯಾಂಕ್ ಅರ್ಧಂಬರ್ಧ ತುಂಬಿಸಿ, ರಿಪೇರಿಗೆಂದು ವಾರಗಟ್ಟಲೆ ಬೈಕ್ ನಿಲ್ಲಿಸಿದ್ದರೆ ಇದನ್ನು ನೋಡಲೇಬೇಕು. ಕರಾವಳಿ, ಮಲೆನಾಡಿನವರು ಖಂಡಿತ ನೋಡಿ. ನೀರು ಕಂಡರೆ ಟ್ಯಾಂಕ್, ಕಾರ್ಬುರೇಟರ್ ತಳದಲ್ಲಿ ಪೆಟ್ರೋಲ್ ನಿಲ್ಲುವ ತೊಟ್ಟಿ ಎರಡನ್ನೂ ಪೂರ್ತಿ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಿ.

ಹಂತ 4: ಗಾಳಿಯ ದಾರಿ

ಕಾರ್ಬುರೇಟರ್ ತೆಗೆದಾಗ ಎಂಜಿನ್ ಬಾಯಿಗೆ ಕಸ ಬೀಳದಿರಲಿ ಎಂದು ಬಟ್ಟೆ ತುರುಕಿದ್ದಿರಾ? ತೆಗೆದಿದ್ದು ನೆನಪಿದೆಯೇ? ನೆನಪಿಲ್ಲದಿದ್ದರೆ ಬಿಚ್ಚಿ ನೋಡಿ. ಸೈಲೆನ್ಸರ್ ಬಾಯಿಯನ್ನೂ ನೋಡಿ. ಬಹಳ ದಿನ ನಿಂತ ಬೈಕಿನ ಸೈಲೆನ್ಸರ್ ತುದಿಯಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟಿರುತ್ತದೆ.

ಏರ್ ಫಿಲ್ಟರ್ ಪೆಟ್ಟಿಗೆಯ ಮುಚ್ಚಳ ಸುತ್ತಲೂ ಸರಿಯಾಗಿ ಕೂತಿರಬೇಕು. ಪೇಪರ್ ಫಿಲ್ಟರನ್ನು ಪೆಟ್ರೋಲ್‌ನಲ್ಲಿ ತೊಳೆದಿದ್ದರೆ ಅದನ್ನು ಎಸೆದು ಹೊಸದು ಹಾಕಿ, ಅದು ಇನ್ನು ಗಾಳಿ ಬಿಡುವುದಿಲ್ಲ. ಕೆಲವು ಮಾದರಿಗಳಲ್ಲಿ ಕಾರ್ಖಾನೆಯಲ್ಲೇ ಎಣ್ಣೆ ಹಚ್ಚಿದ ಪೇಪರ್ ಫಿಲ್ಟರ್ ಬರುತ್ತದೆ. ಅದಕ್ಕೆ ಗಾಳಿ ಹೊಡೆಯುವುದೂ ಬೇಡ, ಬದಲಿಸಬೇಕು ಅಷ್ಟೇ. ಸ್ಪಂಜಿನ ಫಿಲ್ಟರ್ ಆದರೆ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ, ಚೆನ್ನಾಗಿ ಹಿಂಡಿ ಹಾಕಬೇಕು. ಎಣ್ಣೆ ಸೋರುವಷ್ಟು ಇದ್ದರೆ ಎಂಜಿನ್‌ಗೆ ಉಸಿರು ಕಟ್ಟುತ್ತದೆ.

ಫಿಲ್ಟರ್ ತೆಗೆದು ಓಡಿಸಿದರೆ ಪಿಕಪ್ ಜಾಸ್ತಿಯಾಗುತ್ತದೆ ಎಂಬ ಮಾತು ನಂಬಬೇಡಿ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಬಿಸಿಯಾಗುತ್ತದೆ. ನಮ್ಮ ರಸ್ತೆಯ ಧೂಳು ನೇರವಾಗಿ ಸಿಲಿಂಡರ್‌ಗೆ ಹೋಗಿ ಪಿಸ್ಟನ್ ಉಂಗುರಗಳನ್ನು ಉಜ್ಜುತ್ತದೆ.

ಇನ್ನು ಕಾರ್ಬುರೇಟರ್ ಮತ್ತು ಎಂಜಿನ್ ಸೇರುವ ಜಾಗ. ಇಲ್ಲೊಂದು ರಬ್ಬರ್ ಉಂಗುರ ಇರುತ್ತದೆ, ಓ ರಿಂಗ್ ಎನ್ನುತ್ತಾರೆ. ಮನೆ ರಿಪೇರಿಯಲ್ಲಿ ಅತಿ ಹೆಚ್ಚು ಕಾಟ ಕೊಡುವುದು ಇದೇ. ಕೂರುವ ಗೀರಿನಿಂದ ಜಾರಿ ಬಿದ್ದಿರುತ್ತದೆ, ಚಪ್ಪಟೆಯಾಗಿರುತ್ತದೆ, ಅಥವಾ ಒಂದು ಬೋಲ್ಟ್ ಬಿಗಿ ಮಾಡಿ ಇನ್ನೊಂದು ಸಡಿಲ ಬಿಟ್ಟಿರುತ್ತಾರೆ. ಆ ಸಂದಿಯಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತದೆ. ಲಕ್ಷಣ ಸ್ಪಷ್ಟ: ರೇಸ್ ಕೊಟ್ಟು ಬಿಟ್ಟ ಮೇಲೂ ಎಂಜಿನ್ ವೇಗ ಕೆಳಗೆ ಇಳಿಯದೆ ತೇಲಾಡುತ್ತದೆ, ಐಡ್ಲಿಂಗ್ (ಎಕ್ಸಲೇಟರ್ ಪೂರ್ತಿ ಬಿಟ್ಟಾಗಿನ ಎಂಜಿನ್ ಓಟ) ಒಂದೇ ಸಮ ನಿಲ್ಲುವುದಿಲ್ಲ, ಸೈಲೆನ್ಸರ್‌ನಲ್ಲಿ ಪಟ್ ಪಟ್ ಸದ್ದು.

ಪರೀಕ್ಷೆ ಸುಲಭ. ಎಂಜಿನ್ ಐಡ್ಲಿಂಗ್‌ನಲ್ಲಿ ಓಡುತ್ತಿರುವಾಗ ಆ ಸಂದಿಯ ಸುತ್ತ ಸೋಪು ನೀರು ಸ್ಪ್ರೇ ಮಾಡಿ. ಎಂಜಿನ್ ಸದ್ದು ಬದಲಾದರೆ ಅಲ್ಲಿ ಗಾಳಿ ಎಳೆಯುತ್ತಿದೆ. ಪೆಟ್ರೋಲ್ ಅಥವಾ ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಮಾಡಿ ನೋಡಿ ಎಂದು ಕೆಲವರು ಹೇಳುತ್ತಾರೆ. ಬಿಸಿ ಎಂಜಿನ್ ಮೇಲೆ ಅದು ಬೆಂಕಿಗೆ ದಾರಿ, ದಯವಿಟ್ಟು ಮಾಡಬೇಡಿ. ಓ ರಿಂಗ್‌ಗೆ ಕೆಲವೇ ರೂಪಾಯಿ. ಪ್ರತಿ ಸಲ ಬಿಚ್ಚಿದಾಗಲೂ ಹೊಸದು ಹಾಕುವುದು ಒಳ್ಳೆಯದು. ಬೋಲ್ಟ್‌ಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಹಂತ 5: ಪ್ಲಗ್

ಪ್ಲಗ್ ಕ್ಯಾಪ್ "ಟಕ್" ಎಂದು ಕೂತಿದೆಯೇ, ಕೈಯಲ್ಲಿ ಒತ್ತಿ ನೋಡಿ. ಅರ್ಧ ಕೂತ ಕ್ಯಾಪ್ ಐಡ್ಲಿಂಗ್‌ನಲ್ಲಿ ಸುಮ್ಮನಿದ್ದು, ರಸ್ತೆಯಲ್ಲಿ ಭಾರ ಬಿದ್ದಾಗ ಮಿಸ್ಸಿಂಗ್ ತೋರಿಸುತ್ತದೆ. ಹೊಸ ಪ್ಲಗ್‌ನ ನಂಬರು ಪುಸ್ತಕದಲ್ಲಿರುವ ನಂಬರೇ ಆಗಿರಬೇಕು. ನೋಡಲು ಒಂದೇ ತರಹ ಇದ್ದರೂ ಪ್ಲಗ್‌ಗಳು ಬಿಸಿ ಬಿಟ್ಟುಕೊಡುವ ಪ್ರಮಾಣ ಬೇರೆ ಬೇರೆ. ಸಂದಿಯನ್ನು ಫೀಲರ್ ಗೇಜ್‌ನಿಂದ ಅಳೆಯಿರಿ. ಹೊಸ ಪ್ಲಗ್ ಕೈ ಜಾರಿ ನೆಲಕ್ಕೆ ಬಿದ್ದಿದ್ದರೆ ಸಂದಿ ಮುಚ್ಚಿರಬಹುದು, ಒಳಗಿನ ಪಿಂಗಾಣಿ ಸೀಳಿರಲೂಬಹುದು.

ಪ್ಲಗ್ ಕೂರಿಸುವಾಗ ಮೊದಲ ಸುತ್ತುಗಳೆಲ್ಲ ಬೆರಳಲ್ಲೇ ಆಗಬೇಕು. ಪ್ಲಗ್ ಕೂರುವ ಹೆಡ್ (ಸಿಲಿಂಡರ್ ಮೇಲಿನ ಭಾಗ) ಅಲ್ಯುಮಿನಿಯಂನದ್ದು, ಪಾನಾ ಹಾಕಿ ಓರೆಯಾಗಿ ತಿರುಗಿಸಿದರೆ ಅದರ ಮರೆ (ತಿರುಪಿನ ಸುರುಳಿ ಗೆರೆ) ಹಾಳಾಗುತ್ತದೆ. ವಾಷರ್ ತಾಗಿದ ಮೇಲೆ ಹೊಸ ಪ್ಲಗ್‌ಗೆ ಸುಮಾರು ಅರ್ಧ ಸುತ್ತು, ಹಳೆಯ ಪ್ಲಗ್‌ಗೆ ಅದಕ್ಕಿಂತ ಬಹಳ ಕಡಿಮೆ ಸಾಕು.

ಹಂತ 6: ಕಾರ್ಬುರೇಟರ್ ಒಳಗೆ

ಇದು ಮುಖ್ಯವಾದ ಭಾಗ, ನಿಧಾನವಾಗಿ ಓದಿ. ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಹೋಗುವ ದಾರಿ ಒಂದಲ್ಲ, ಮೂರು. ಎಕ್ಸಲೇಟರ್ ಎಷ್ಟು ತಿರುಗಿಸಿದ್ದೀರಿ ಎಂಬುದರ ಮೇಲೆ ಒಂದೊಂದು ದಾರಿ ಕೆಲಸ ಮಾಡುತ್ತದೆ. ಐಡ್ಲಿಂಗ್‌ನಿಂದ ಸುಮಾರು ಎಂಟನೇ ಒಂದು ಭಾಗದವರೆಗೆ ಸ್ಲೋ ಜೆಟ್ ಮತ್ತು ಟ್ಯೂನಿಂಗ್ ತಿರುಪು. ಜೆಟ್ ಎಂದರೆ ಅಳತೆಯ ತೂತಿರುವ ಸಣ್ಣ ಹಿತ್ತಾಳೆ ತಿರುಪು. ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ಸೂಜಿ. ಮುಕ್ಕಾಲಿನಿಂದ ಪೂರ್ತಿವರೆಗೆ ಮೇನ್ ಜೆಟ್.

ಎಕ್ಸಲೇಟರ್ ಹಿಡಿಯ ಮೇಲೆ ಒಂದು ಚೂರು ಟೇಪು ಅಂಟಿಸಿ, ಪಕ್ಕದ ಸ್ವಿಚ್ ಪೆಟ್ಟಿಗೆಯ ಮೇಲೂ ಒಂದು ಚೂರು. ಪೂರ್ತಿ ಬಿಟ್ಟಾಗ, ಕಾಲು, ಅರ್ಧ, ಮುಕ್ಕಾಲು, ಪೂರ್ತಿ ತಿರುಗಿಸಿದಾಗ ಗೆರೆ ಎಲ್ಲಿಗೆ ಬರುತ್ತದೆ ಎಂದು ಪೆನ್ನಿನಲ್ಲಿ ಗುರುತು ಮಾಡಿ. ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಒಂದೊಂದು ಗುರುತಿಗೂ ಹಿಡಿದು ಓಡಿಸಿ. ಎಲ್ಲಿ ಮುಗ್ಗರಿಸುತ್ತದೋ ಆ ದಾರಿಯಲ್ಲೇ ತೊಂದರೆ. ಅರ್ಧದವರೆಗೆ ಚೆನ್ನಾಗಿ ಎಳೆದು ಆಮೇಲೆ ಬತ್ತಿದರೆ ಟ್ಯೂನಿಂಗ್ ತಿರುಪನ್ನು ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ ಅಲ್ವಾ? ಅದು ಆ ದಾರಿಗೆ ಸೇರಿದ್ದೇ ಅಲ್ಲ.

ಪೆಟ್ರೋಲ್ ಜಾಸ್ತಿಯೋ ಕಡಿಮೆಯೋ ಎಂದು ತಿಳಿಯಲು ಚೋಕ್ ಉಪಯೋಗಿಸಿ. ಬೈಕ್ ಬತ್ತುವ ಆ ಗುರುತಿನಲ್ಲೇ ಚೋಕ್ ಅರ್ಧ ಎಳೆಯಿರಿ. ಚೋಕ್ ಲಿವರ್ ಕಾರ್ಬುರೇಟರ್ ಮೇಲೇ ಇರುವ ಬೈಕ್‌ನಲ್ಲಿ ಓಡಿಸುತ್ತಾ ಬಗ್ಗಬೇಡಿ, ನಿಲ್ಲಿಸಿ ಅರ್ಧ ಎಳೆದು ಮತ್ತೆ ಹೊರಡಿ. ಈಗ ಚೆನ್ನಾಗಿ ಎಳೆದರೆ ಪೆಟ್ರೋಲ್ ಸಾಲುತ್ತಿಲ್ಲ. ಇನ್ನೂ ಕೆಟ್ಟರೆ ಪೆಟ್ರೋಲ್ ಜಾಸ್ತಿಯಾಗುತ್ತಿದೆ. ಪರೀಕ್ಷೆ ಮುಗಿದ ಮೇಲೆ ಚೋಕ್ ಪೂರ್ತಿ ಹಿಂದಕ್ಕೆ ಹೋಗಿದೆಯೇ ನೋಡಿ. ಅರ್ಧ ಎಳೆದೇ ಉಳಿದ ಚೋಕ್‌ನಿಂದ ಕಪ್ಪು ಹೊಗೆ, ಪಿಕಪ್ ಇಲ್ಲ, ಮೈಲೇಜ್ ಇಲ್ಲ.

ಈಗ ಬಿಚ್ಚುವುದು. ತೊಟ್ಟಿಯ ಕೆಳಗಿನ ತಿರುಪು ಬಿಡಿಸಿ ಪೆಟ್ರೋಲ್ ಇಳಿಸಿ, ಆಮೇಲೆ ಬಿಚ್ಚಿ. ನೋಡಬೇಕಾದ್ದು ಇವು.

ಜೆಟ್‌ಗಳು: ಬೆಳಕಿಗೆ ಹಿಡಿದರೆ ದುಂಡನೆಯ ತೂತು ಸ್ವಚ್ಛವಾಗಿ ಕಾಣಬೇಕು. ಸ್ಲೋ ಜೆಟ್‌ನ ತೂತು ಕೂದಲಷ್ಟೇ ಸಣ್ಣದು, ತೊಳೆದ ಕಸವೇ ಹೋಗಿ ಮತ್ತೆ ಕಟ್ಟಿರುತ್ತದೆ. ತಂತಿ, ಸೇಫ್ಟಿ ಪಿನ್, ಗುಂಡುಸೂಜಿ ಹಾಕಲೇಬೇಡಿ. ಹಿತ್ತಾಳೆ ಮೆತ್ತಗಿನ ಲೋಹ. ತೂತು ಸ್ವಲ್ಪ ದೊಡ್ಡದಾದರೂ ಅಳತೆ ಹೋಯಿತು, ಜೆಟ್ ಬದಲಿಸದೆ ಬೇರೆ ದಾರಿಯಿಲ್ಲ. ಕ್ಲೀನರ್‌ನಲ್ಲಿ ನೆನೆಸಿ, ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿ. ಕಣ್ಣಿಗೆ ಏನಾದರೂ ಅಡ್ಡ ಇಟ್ಟುಕೊಳ್ಳಿ, ಕ್ಲೀನರ್ ಸಿಡಿಯುತ್ತದೆ.

ಸೂಜಿಯ ಕ್ಲಿಪ್: ಸೂಜಿಯ ಮೇಲ್ತುದಿಯಲ್ಲಿ ಸಾಲಾಗಿ ಗೀರುಗಳಿರುತ್ತವೆ, ಒಂದರಲ್ಲಿ ಸಣ್ಣ ಕ್ಲಿಪ್ ಕೂತಿರುತ್ತದೆ. ತೊಳೆಯುವಾಗ ಕ್ಲಿಪ್ ಹಾರಿಹೋಗಿ ಮತ್ತೆ ಹಾಕುವಾಗ ಬೇರೆ ಗೀರಿಗೆ ಹಾಕಿರುವ ಸಾಧ್ಯತೆ ಇದೆ. ಕ್ಲಿಪ್ ಮೇಲಿನ ಗೀರಿಗೆ ಹೋದರೆ ಸೂಜಿ ಕೆಳಗಿಳಿಯುತ್ತದೆ, ಪೆಟ್ರೋಲ್ ಕಡಿಮೆ. ಕೆಳಗಿನ ಗೀರಿಗೆ ಬಂದರೆ ಸೂಜಿ ಮೇಲೇರುತ್ತದೆ, ಪೆಟ್ರೋಲ್ ಜಾಸ್ತಿ. ಮೊದಲು ಎಲ್ಲಿತ್ತು ಎಂದು ಗೊತ್ತಿಲ್ಲದಿದ್ದರೆ ನಡುವಿನ ಗೀರಿನಿಂದ ಶುರು ಮಾಡಿ. ಕೆಲವು ಸೂಜಿಗಳಿಗೆ ಗೀರು ಒಂದೇ ಇರುತ್ತದೆ, ಆಗ ಈ ಚಿಂತೆಯಿಲ್ಲ.

ಸ್ಲೈಡ್: 100 ಸಿಸಿ ಬೈಕ್‌ಗಳಲ್ಲಿ ಎಕ್ಸಲೇಟರ್ ಕೇಬಲ್ ಒಂದು ಕೊಳವೆಯಂಥ ತುಂಡನ್ನು ಮೇಲಕ್ಕೆಳೆಯುತ್ತದೆ, ಅದೇ ಸ್ಲೈಡ್. ಅದರ ತಳದಲ್ಲಿ ಒಂದು ಕಡೆ ಓರೆಯಾಗಿ ಕತ್ತರಿಸಿದ ಭಾಗವಿದೆ. ಆ ಭಾಗ ಏರ್ ಫಿಲ್ಟರ್ ಕಡೆಗೆ ಇರಬೇಕು. ಪಕ್ಕದ ಉದ್ದನೆಯ ಗೀರು ಕಾರ್ಬುರೇಟರ್ ಒಳಗಿನ ಮೊಳೆಗೆ ಸರಿಯಾಗಿ ಸೇರಬೇಕು. ತಿರುವುಮುರುವಾಗಿ ಕೂತರೆ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಐಡ್ಲಿಂಗ್ ಹಿಡಿತಕ್ಕೆ ಸಿಗುವುದಿಲ್ಲ. ಎಂಜಿನ್ ಚಾಲು ಮಾಡುವ ಮುನ್ನ ಎಕ್ಸಲೇಟರ್ ತಿರುಗಿಸಿ ಬಿಡಿ. ಪ್ರತಿ ಸಲವೂ "ಟಪ್" ಎಂದು ಸದ್ದು ಮಾಡಿ ಕೆಳಗೆ ಬೀಳಬೇಕು. ಹ್ಯಾಂಡಲ್ ಎರಡೂ ಕಡೆ ತಿರುಗಿಸಿಯೂ ನೋಡಿ. ಇದನ್ನು ಮರೆತರೆ ರಸ್ತೆಯಲ್ಲಿ ಎಕ್ಸಲೇಟರ್ ಸಿಕ್ಕಿಹಾಕಿಕೊಂಡು ಅಪಾಯವಾಗುತ್ತದೆ.

ಡಯಾಫ್ರಮ್: ಯೂನಿಕಾರ್ನ್, ಪಲ್ಸರ್ 150 ತರಹದ ಬೈಕ್‌ಗಳ ಕಾರ್ಬುರೇಟರ್‌ನಲ್ಲಿ ಸ್ಲೈಡನ್ನು ಎತ್ತುವುದು ಗಾಳಿಯ ಒತ್ತಡ. ಅದಕ್ಕೊಂದು ತೆಳು ರಬ್ಬರ್ ಪೊರೆ ಇರುತ್ತದೆ. ಅಂಚು ಗೀರಿನಿಂದ ಎದ್ದಿದ್ದರೆ, ಮುಚ್ಚಳಕ್ಕೆ ಸಿಕ್ಕಿ ಹರಿದಿದ್ದರೆ, ಸೂಜಿ ಮೊನೆಯಷ್ಟು ತೂತಾಗಿದ್ದರೂ ಸ್ಲೈಡ್ ಪೂರ್ತಿ ಮೇಲೇರುವುದಿಲ್ಲ. ಬೈಕ್ ಒಂದು ವೇಗಕ್ಕೆ ಬಂದು ಅಲ್ಲೇ ನಿಂತುಬಿಡುತ್ತದೆ. ಪೊರೆಗೆ ಕ್ಲೀನರ್ ತಾಗಿಸಬೇಡಿ, ಉಬ್ಬಿಕೊಳ್ಳುತ್ತದೆ. ಈ ಕಾರ್ಬುರೇಟರ್‌ಗಳ ಪಕ್ಕದಲ್ಲಿ ವೈರು ಇರುವ ಸೆನ್ಸರ್ ಇದ್ದರೆ ಅದನ್ನು ಬಿಚ್ಚಬೇಡಿ. ಅದರ ಕಪ್ಲರ್ (ವೈರು ಸೇರಿಸುವ ಪ್ಲಾಸ್ಟಿಕ್ ಜೋಡಣೆ) ಮಾತ್ರ ಕೂತಿದೆಯೇ ನೋಡಿ.

ಫ್ಲೋಟ್: ತೊಟ್ಟಿಯಲ್ಲಿ ತೇಲುತ್ತಾ ಪೆಟ್ರೋಲ್ ಮಟ್ಟ ಕಾಯುವ ತುಂಡು. ಅದರ ತಗಡಿನ ನಾಲಗೆ ಬಾಗಿದರೆ ಮಟ್ಟ ಏರುಪೇರು. ಮಟ್ಟ ನೋಡಲು ಪಾರದರ್ಶಕ ಪೈಪನ್ನು ತೊಟ್ಟಿಯ ಕೆಳಗಿನ ಕೊಳವೆಗೆ ಸಿಕ್ಕಿಸಿ, ತೊಟ್ಟಿಯ ಪಕ್ಕಕ್ಕೆ ನೇರವಾಗಿ ಎತ್ತಿ ಹಿಡಿದು, ಕೆಳಗಿನ ತಿರುಪು ಸಡಿಲಿಸಿ. ಪೈಪಿನಲ್ಲಿ ಪೆಟ್ರೋಲ್ ನಿಲ್ಲುವ ಮಟ್ಟವೇ ಒಳಗಿನ ಮಟ್ಟ. ಸಾಮಾನ್ಯವಾಗಿ ತೊಟ್ಟಿ ಸೇರುವ ಗೆರೆಗಿಂತ ಸ್ವಲ್ಪ ಕೆಳಗಿರುತ್ತದೆ. ಏರುತ್ತಲೇ ಹೋಗಿ ಉಕ್ಕಿದರೆ ಫ್ಲೋಟ್ ಸೂಜಿಯ ಬುಡದಲ್ಲಿ ಕಸ ಇದೆ.

ಹಂತ 7: ಟ್ಯೂನಿಂಗ್, ಎಲ್ಲ ಮುಗಿದ ಮೇಲೆ

ಟ್ಯೂನಿಂಗ್ ತಿರುಪನ್ನು ಇಷ್ಟು ಹೊತ್ತು ಮುಟ್ಟದೆ ಕೊನೆಗೆ ಇಟ್ಟಿದ್ದಕ್ಕೆ ಕಾರಣವಿದೆ. ಗಾಳಿ ಸೋರುವ ಬೈಕನ್ನು ತಿರುಪಿನಿಂದ ಸರಿ ಮಾಡಲು ಹೋದರೆ ಸದ್ಯಕ್ಕೆ ಸರಿ ಕಂಡರೂ ಮಾರನೇ ದಿನ ಮತ್ತೆ ಅದೇ ಗೋಳು.

ತಿರುಪು ಎಲ್ಲಿದೆ ಮೊದಲು ನೋಡಿ. ಏರ್ ಫಿಲ್ಟರ್ ಕಡೆಗಿದ್ದರೆ ಅದು ಗಾಳಿ ತಿರುಪು. ಒಳಗೆ ಸುತ್ತಿದರೆ ಗಾಳಿ ಕಡಿಮೆಯಾಗಿ ಪೆಟ್ರೋಲ್ ಪಾಲು ಜಾಸ್ತಿ. ಎಂಜಿನ್ ಕಡೆಗಿದ್ದರೆ ಅದು ಪೆಟ್ರೋಲ್ ತಿರುಪು. ಒಳಗೆ ಸುತ್ತಿದರೆ ಪೆಟ್ರೋಲ್ ಕಡಿಮೆ. ಈ ವ್ಯತ್ಯಾಸ ತಿಳಿಯದೆ ಒಬ್ಬರ ಬೈಕಿನ ಸಲಹೆಯನ್ನು ಇನ್ನೊಬ್ಬರು ಪಾಲಿಸಿದರೆ ಪೂರ್ತಿ ಉಲ್ಟಾ ಆಗುತ್ತದೆ.

ಮೆಲ್ಲಗೆ ಒಳಗೆ ಸುತ್ತಿ, ತಾಗಿದ ಕೂಡಲೇ ನಿಲ್ಲಿಸಿ. ಜೋರು ಮಾಡಿದರೆ ಮೊನೆ ಹಾಳು. ಅಲ್ಲಿಂದ ಒಂದೂವರೆಯಿಂದ ಎರಡು ಸುತ್ತು ಹೊರಗೆ ಬನ್ನಿ. ಎಂಜಿನ್ ಚೆನ್ನಾಗಿ ಬಿಸಿಯಾಗಲಿ, ಸ್ವಲ್ಪ ಓಡಿಸಿಕೊಂಡು ಬಂದರೆ ಉತ್ತಮ. ಐಡ್ಲಿಂಗ್ ಸ್ವಲ್ಪ ಏರಿಸಿಟ್ಟು, ತಿರುಪನ್ನು ಕಾಲು ಕಾಲು ಸುತ್ತಿನಂತೆ ಎರಡೂ ಕಡೆ ತಿರುಗಿಸಿ ಎಂಜಿನ್ ಅತಿ ಸಲೀಸಾಗಿ, ಅತಿ ಜೋರಾಗಿ ಓಡುವ ಜಾಗ ಹುಡುಕಿ. ಸಿಕ್ಕಿದ ಮೇಲೆ ಐಡ್ಲಿಂಗ್ ಕೆಳಗಿಳಿಸಿ. 100 ಸಿಸಿ ಬೈಕ್‌ಗಳಿಗೆ ನಿಮಿಷಕ್ಕೆ 1400 ಸುತ್ತಿನ ಆಸುಪಾಸು ಸರಿ. ತಿರುಪು ಎಷ್ಟು ತಿರುಗಿಸಿದರೂ ಏನೂ ವ್ಯತ್ಯಾಸ ಕಾಣದಿದ್ದರೆ ಸ್ಲೋ ಜೆಟ್ ಇನ್ನೂ ಕಟ್ಟಿದೆ, ಅಥವಾ ಗಾಳಿ ಸೋರುತ್ತಿದೆ. ಹಿಂದಿನ ಹಂತಕ್ಕೆ ಹೋಗಿ.

ಹಂತ 8: ಟ್ಯಾಪೆಟ್, ಟೈಮಿಂಗ್ ಮುಟ್ಟಿದ್ದರೆ ಮಾತ್ರ

ಹೆಡ್ ಮುಚ್ಚಳ ತೆರೆಯದವರು ಇದನ್ನು ಬಿಟ್ಟು ಮುಂದೆ ಹೋಗಬಹುದು.

ಟ್ಯಾಪೆಟ್ ಸಂದಿ ಎಂದರೆ ವಾಲ್ವ್ ತುದಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಣ್ಣ ಸಂದಿ. ಹಲವು 100 ಸಿಸಿ ಬೈಕ್‌ಗಳಲ್ಲಿ ಇದು 0.05ರಿಂದ 0.1 ಮಿಲಿಮೀಟರ್ ಒಳಗೆ. "ಟಿಕ್ ಟಿಕ್" ಸದ್ದು ನಿಲ್ಲಲಿ ಎಂದು ಪೂರ್ತಿ ಬಿಗಿ ಮಾಡಿದರೆ ವಾಲ್ವ್ ಸರಿಯಾಗಿ ಮುಚ್ಚುವುದಿಲ್ಲ. ತಣ್ಣಗಿದ್ದಾಗ ಚಾಲು ಆಗಿ, ಬಿಸಿಯಾದ ಮೇಲೆ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಹೋಗಿ ಎಳೆಯುವುದಿಲ್ಲ. ಹಾಗೇ ಓಡಿಸಿದರೆ ವಾಲ್ವ್ ಸುಡುತ್ತದೆ. ಹಾಗಾಗಿ ಸ್ವಲ್ಪ ಸದ್ದು ಇರುವ ಟ್ಯಾಪೆಟ್ಟೇ ವಾಸಿ.

ಅಳೆಯುವುದು ಎಂಜಿನ್ ತಣ್ಣಗಿದ್ದಾಗ. ಪ್ಲಗ್ ತೆಗೆದು, ಸ್ಪ್ಲೆಂಡರ್ ಮಾದರಿಯಲ್ಲಾದರೆ ಎಡಬದಿಯ ಕವರಿನ ಎರಡು ಮುಚ್ಚಳ ಬಿಚ್ಚಿ, ಮ್ಯಾಗ್ನೆಟ್ ಚಕ್ರವನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿ ಟಿ ಗುರುತನ್ನು ಕವರಿನ ಗುರುತಿಗೆ ಹೊಂದಿಸಿ. ಎರಡೂ ತೋಳು ಸಡಿಲವಾಗಿ ಆಡಬೇಕು. ಆಡದಿದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ. ತಪ್ಪು ಸುತ್ತಿನಲ್ಲಿ ಟ್ಯಾಪೆಟ್ ಇಡುವುದೇ ಇಲ್ಲಿನ ದೊಡ್ಡ ಎಡವಟ್ಟು. ಸಂದಿ ಇಟ್ಟು ನಟ್ಟು ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಬಿಗಿ ಮಾಡುವಾಗ ಅದು ಬದಲಾಗುತ್ತದೆ.

ಟೈಮಿಂಗ್ ಚೈನ್ ತೆಗೆದು ಹಾಕಿದ್ದರೆ, ಟಿ ಗುರುತು ಹೊಂದಿದಾಗ ಕ್ಯಾಮ್ ಚಕ್ರದ (ವಾಲ್ವ್ ತೆರೆಯುವ ಕ್ಯಾಮನ್ನು ತಿರುಗಿಸುವ ಹಲ್ಲು ಚಕ್ರ) ಗುರುತೂ ಹೆಡ್‌ನ ಗುರುತಿಗೆ ಹೊಂದಬೇಕು. ಕ್ಯಾಮ್ ಚಕ್ರಕ್ಕೆ 28 ಹಲ್ಲಿದ್ದರೆ ಒಂದು ಹಲ್ಲು ತಪ್ಪಿದರೂ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಶಾಫ್ಟ್) ಲೆಕ್ಕದಲ್ಲಿ ಸುಮಾರು 26 ಡಿಗ್ರಿ ತಪ್ಪಿದ ಹಾಗೆ. ಬೈಕ್ ಚಾಲು ಆಗುತ್ತದೆ, ಐಡ್ಲಿಂಗ್ ಕೂಡ ನಿಲ್ಲಬಹುದು, ಆದರೆ ಎಳೆಯುವುದೇ ಇಲ್ಲ. ಹಾಗೇ ಓಡಿಸಬೇಡಿ. ಇನ್ನೂ ಜಾಸ್ತಿ ಹಲ್ಲು ತಪ್ಪಿದ್ದರೆ ವಾಲ್ವ್ ಪಿಸ್ಟನ್‌ಗೆ ಹೊಡೆಯಬಹುದು.

ಇಂಜೆಕ್ಷನ್ ಬೈಕ್ ಇರುವವರಿಗೆ

ಗಾಳಿ, ಪ್ಲಗ್, ಕ್ಲಚ್, ಬ್ರೇಕ್, ಟ್ಯಾಪೆಟ್ ಬಗ್ಗೆ ಹೇಳಿದ್ದೆಲ್ಲ ನಿಮಗೂ ಹೊಂದುತ್ತದೆ. ಮೀಟರಿನಲ್ಲಿ ಎಂಜಿನ್ ಚಿತ್ರದ ಲೈಟು ಉರಿಯುತ್ತಿದ್ದರೆ ಅಥವಾ ಮಿನುಗುತ್ತಿದ್ದರೆ ಯಾವುದೋ ಸೆನ್ಸರ್ ಕಪ್ಲರ್ ಹಾಕುವುದು ಮರೆತಿದೆ ಎಂದೇ ಮೊದಲು ಅನುಮಾನಿಸಿ. ಕೀ ಆಫ್ ಮಾಡಿಯೇ ಕಪ್ಲರ್ ತೆಗೆಯುವುದು, ಹಾಕುವುದು. ಥ್ರಾಟಲ್ ಬಾಡಿಯ (ಕಾರ್ಬುರೇಟರ್ ಜಾಗದಲ್ಲಿ ಗಾಳಿ ಒಳಗೆ ಬಿಡುವ ಭಾಗ) ಮೇಲಿನ ಬಣ್ಣ ಹಚ್ಚಿದ ತಿರುಪುಗಳನ್ನು ತಿರುಗಿಸಬೇಡಿ. ಅವುಗಳನ್ನು ಕಾರ್ಖಾನೆಯಲ್ಲಿ ಅಳತೆಗೆ ಇಟ್ಟಿರುತ್ತಾರೆ, ಮನೆಯಲ್ಲಿ ಹಿಂದಿನ ಜಾಗಕ್ಕೆ ತರಲು ಆಗುವುದಿಲ್ಲ.

ಹಂತ 9: ಪ್ಲಗ್ ಬಣ್ಣ ನೋಡಿ ಖಾತ್ರಿ ಮಾಡಿಕೊಳ್ಳಿ

ಸರಿಯಾಯಿತು ಅನಿಸಿದ ಮೇಲೆ ಹತ್ತು ಹದಿನೈದು ಕಿಲೋಮೀಟರ್ ಮಾಮೂಲಿ ವೇಗದಲ್ಲಿ ಓಡಿಸಿ. ಎಂಜಿನ್ ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ. ತುದಿ ಇಟ್ಟಿಗೆ ಬಣ್ಣಕ್ಕೋ ತಿಳಿ ಕಂದು ಬಣ್ಣಕ್ಕೋ ಇದ್ದರೆ ಚೆನ್ನಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಸುಣ್ಣದಂತೆ ಬಿಳಿಯಾಗಿದ್ದರೆ ಪೆಟ್ರೋಲ್ ಕಡಿಮೆ, ಇದನ್ನು ಕಡೆಗಣಿಸಬೇಡಿ, ಎಂಜಿನ್ ಅತಿ ಬಿಸಿಯಾಗುತ್ತಿದೆ. ಎಣ್ಣೆ ಜಿಡ್ಡಿನ ಕಪ್ಪಾದರೆ ಆಯಿಲ್ ಉರಿಯುತ್ತಿದೆ. ಅದು ಉಂಗುರ ಅಥವಾ ವಾಲ್ವ್ ಸೀಲ್ ಸವೆತ, ನಿಮ್ಮ ರಿಪೇರಿಗೂ ಅದಕ್ಕೂ ಸಂಬಂಧವಿಲ್ಲದಿರಬಹುದು.

ಇಷ್ಟಾದರೂ ಸರಿಯಾಗದಿದ್ದರೆ ಕಂಪ್ರೆಷನ್ ಗೇಜ್ ಇರುವ ಗ್ಯಾರೇಜಿಗೆ ಒಯ್ಯಿರಿ. ಹಂತ 1ರಲ್ಲಿ ಬರೆದ ಕಾಗದ ಜೊತೆಯಲ್ಲಿರಲಿ. ಏನೇನು ಬಿಚ್ಚಿದ್ದೀರಿ, ಎಕ್ಸಲೇಟರ್‌ನ ಯಾವ ಗುರುತಿನಲ್ಲಿ ಬತ್ತುತ್ತದೆ, ಚೋಕ್ ಎಳೆದಾಗ ಏನಾಯಿತು, ಪ್ಲಗ್ ಯಾವ ಬಣ್ಣ ಎಂದು ಮೆಕ್ಯಾನಿಕ್‌ಗೆ ಮುಚ್ಚುಮರೆಯಿಲ್ಲದೆ ಹೇಳಿ. ತೆಗೆದ ಹಳೆಯ ಪ್ಲಗ್, ಹಳೆಯ ಜೆಟ್‌ಗಳನ್ನೂ ಒಂದು ಕವರಿನಲ್ಲಿ ಹಾಕಿ ಕೊಡಿ, ನಂಬರು ಹೋಲಿಸಲು ಅವರಿಗೆ ಬೇಕಾಗುತ್ತವೆ.